ನಮಗೆ ಗೊತ್ತಿದ್ದದ್ದು ದಾಸವಾಳ ಮಾತ್ರ

ಹಾಸ್ಟೆಲ್‌ನಲ್ಲಿ ಒಂದು ಭಾನುವಾರ ರಾತ್ರಿ. ಲ್ಯಾಪ್‌ಟಾಪ್ ಒಂದೇ, ನೋಡೋಕೆ ನಾವು ಆರು ಹುಡುಗಿಯರು. ಹಾಕಿದ್ದು 'ಮಾರ್ಗರಿಟಾ ವಿತ್ ಎ ಸ್ಟ್ರಾ', ಶೋನಾಲಿ ಬೋಸ್ ಅವರ ಸಿನಿಮಾ. ನಮ್ಮ ದೇಶದಲ್ಲಿ ತೆರೆಗೆ ಬಂದದ್ದು 2015ರಲ್ಲಿ.

ಕಲ್ಕಿ ಮಾಡಿರುವ ಲೈಲಾಗೆ ಸೆರೆಬ್ರಲ್ ಪಾಲ್ಸಿ, ಗಾಲಿಕುರ್ಚಿಯಲ್ಲೇ ಓಡಾಟ. ದೆಹಲಿಯಲ್ಲಿದ್ದಾಗ ಒಬ್ಬ ಹುಡುಗನ ಮೇಲೆ ಮನಸ್ಸಾಗುತ್ತೆ. ಓದೋಕೆ ನ್ಯೂಯಾರ್ಕಿಗೆ ಹೋದಾಗ ಖಾನುಮ್ ಅನ್ನೋ ಕಣ್ಣು ಕಾಣದ ಹುಡುಗಿಯನ್ನ ಪ್ರೀತಿಸ್ತಾಳೆ. ಕೊನೆಗೆ ಅಮ್ಮನ ಹತ್ತಿರ "ನಾನು ಬೈ" ಅಂತ ಹೇಳ್ತಾಳೆ. ಅಮ್ಮನಿಗೆ ಕೇಳಿಸಿದ್ದು 'ಬಾಯಿ', ಅಂದ್ರೆ ಮನೆಗೆಲಸದಾಕೆ!

ನಾವು ಐದು ಜನ ನಕ್ಕೆವು. ಒಬ್ಬಳು ನಗಲಿಲ್ಲ. ಲೈಟ್ ಆರಿಸಿದ ಮೇಲೆ ಹೇಳಿದಳು, "ನಾನೂ ಹಂಗೇ ಕಣ್ರೇ. ಹುಡುಗರೂ ಇಷ್ಟ ಆಗ್ತಾರೆ, ಹುಡುಗಿಯರೂ."

"ಅಂದ್ರೆ ದ್ವಿಲಿಂಗಿನಾ? ದಾಸವಾಳದ ಥರಾ?" ಅಂದೆವು. ಹೈಸ್ಕೂಲಿನ ವಿಜ್ಞಾನ ಪಾಠ ನೆನಪಿದೆಯಲ್ಲ, ಕೇಸರ ಶಲಾಕೆ ಎರಡೂ ಇರೋ ಹೂವು ದ್ವಿಲಿಂಗಿ. ಪತ್ರಿಕೆಗಳು ಇಂಥ ಮನುಷ್ಯರಿಗೂ ಅದೇ ಪದ ಬಳಸ್ತವೆ. ಅವಳು ಹೇಳಿದ್ದು ಮನಸ್ಸಿನ ಮಾತು, ನಾವು ಹುಡುಕಿದ್ದು ದೇಹದಲ್ಲಿ.

ನಾವಾದರೂ ಪತ್ರಿಕೋದ್ಯಮ ಓದುತ್ತಿದ್ದವರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಂ ಬಗ್ಗೆ ತೀರ್ಪು ಕೊಟ್ಟಾಗ, ತರಗತಿಗೆ ವರದಿ ಬರೆದಿದ್ದೆವು. ಸಲಿಂಗಿಗಳ ಬಗ್ಗೆ ಮೂರು ಪ್ಯಾರಾ. ಇವಳಂಥವರು ಪಟ್ಟಿಯಲ್ಲಿ ಒಂದು ಪದ, ಅಷ್ಟೇ. ವಸುಧೇಂದ್ರರ 'ಮೋಹನಸ್ವಾಮಿ' ಓದಿ ಗಂಡು ಗಂಡನ್ನ ಪ್ರೀತಿಸೋದು ಅರ್ಥವಾಗಿತ್ತು. ಸಂಚಾರಿ ವಿಜಯ್ ಅವರ 'ನಾನು ಅವನಲ್ಲ ಅವಳು' ನೋಡಿ ಅತ್ತಿದ್ದೆವು. ಇವಳ ಕಥೆ ಮಾತ್ರ ಕನ್ನಡದಲ್ಲಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕಂಡಿದ್ದರೆ ಆ ರಾತ್ರಿ "ಮೊದಲು ಒಂದು ಕಡೆ ನಿರ್ಧಾರ ಮಾಡ್ಕೊ" ಅಂತ ಅನ್ನುತ್ತಿರಲಿಲ್ಲವೇನೋ. ಹೌದು, ಹಾಗೂ ಅಂದಿದ್ದೆವು.

ಹೋದ ವರ್ಷ ಅವಳಿಗೆ ಮದುವೆಯಾಯ್ತು. ಹುಡುಗ ಅವಳೇ ಇಷ್ಟಪಟ್ಟವನು. ಊಟದ ಪಂಕ್ತಿಯಲ್ಲಿ ನಮ್ಮಲ್ಲೊಬ್ಬಳು, "ಅಂತೂ ಸರಿ ಹೋದ್ಯಲ್ಲೇ" ಅಂದುಬಿಟ್ಟಳು. ಮದುಮಗಳು ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಕೆಟ್ಟೋಗಿದ್ದು ಯಾವಾಗ? ಅವರಿಗೆ ಎಲ್ಲಾ ಹೇಳೇ ಮದುವೆ ಆಗಿದ್ದು. ನಾನು ಆವತ್ತು ಹೆಂಗಿದ್ನೋ ಇವತ್ತೂ ಹಂಗೇ ಇದ್ದೀನಿ."

ಇದನ್ನು ಹಾಕೋ ಮೊದಲು ಅವಳಿಗೆ ಕಳಿಸಿದೆವು. ಓದಿ ಫೋನ್ ಮಾಡಿದಳು. ತಾಲ್ಲೂಕಿನ ಹೆಸರು ತೆಗೀರಿ ಅಂದಳು, ತೆಗೆದೆವು. ದಾಸವಾಳದ ವಿಷಯ ಇರಲಿ ಅಂದಳು.