ಸೋರುವ ಗಾಳಿಯ ಸದ್ದು

ಅಮೆರಿಕದಲ್ಲಿ ಸ್ವಂತ ವಿಮಾನ ಇಟ್ಟುಕೊಂಡವರೆಲ್ಲ ಕೋಟ್ಯಧೀಶರಲ್ಲ. ನಾಲ್ಕು ಸೀಟಿನ ಹಳೆಯ ಸೆಸ್ನಾ 172 ಕೊಂಡ ಸಾಧಾರಣ ಸಂಬಳದವರೂ ಅಲ್ಲಿದ್ದಾರೆ. 1955ರಲ್ಲಿ ಮೊದಲು ಹಾರಿದ ಈ ಮಾದರಿಯ ವಿಮಾನಗಳು 40,000ಕ್ಕೂ ಹೆಚ್ಚು ತಯಾರಾಗಿವೆ.

ಕಾರು ಕೆಟ್ಟರೆ ರಸ್ತೆಬದಿಗೆ ತಳ್ಳಬಹುದು; ಆಕಾಶದಲ್ಲಿ ಬದಿ ಎಲ್ಲಿದೆ? ಅದಕ್ಕೇ 12 ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಆಗಲೇಬೇಕೆಂದು ಅಲ್ಲಿನ ಕಾಯಿದೆ. ಸಹಿ ಹಾಕುವವನು ಮೆಕ್ಯಾನಿಕ್ಕಾದರೂ ವಿಮಾನ ಸುಸ್ಥಿತಿಯಲ್ಲಿಡುವ ಮೊದಲ ಹೊಣೆ ಮಾಲೀಕನದೇ. ಹಾಗಾದರೆ ಯಾವ ವರ್ಕ್‌ಶಾಪನ್ನು ನಂಬುವುದು? ಪರವಾನಗಿ ಪತ್ರ ಎಲ್ಲರ ಬಳಿಯೂ ಇರುತ್ತದೆ!

ಬಲ್ಲವರು ಕಂಪ್ರೆಷನ್ ಪರೀಕ್ಷೆಯ ಹೊತ್ತಿಗೆ ಹೋಗಿ ನಿಲ್ಲುತ್ತಾರೆ. ಸಿಲಿಂಡರಿಗೆ ಚದರ ಅಂಗುಲಕ್ಕೆ 80 ಪೌಂಡ್ ಒತ್ತಡದ ಗಾಳಿ ಕೊಟ್ಟು, ಒಳಗೆ ಎಷ್ಟು ಒತ್ತಡ ನಿಲ್ಲುತ್ತದೆಂದು ನೋಡುವ ಪರೀಕ್ಷೆ ಅದು. ಒಳ್ಳೆಯ ಮೆಕ್ಯಾನಿಕ್ ಬಂದ ಅಂಕಿಯನ್ನು ಬರೆದು ಸುಮ್ಮನಾಗುವುದಿಲ್ಲ, ಕಿವಿಗೊಡುತ್ತಾನೆ. ಹೊಗೆಕೊಳವೆಯಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಆಯಿಲ್ ತುಂಬುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗಿನ ಮೇಲೆ ಗುಮಾನಿ. ಮಾಲೀಕನನ್ನೂ ಕರೆದು, “ನೀವೇ ಕೇಳಿ” ಅನ್ನುತ್ತಾನೆ. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ, ಮಡಿಕೆ ಬಿಡಿಸಿ, ಲೋಹದ ಚೂರುಗಳಿವೆಯೇ ಎಂದು ತೋರಿಸುತ್ತಾನೆ.

ಮಾಲೀಕರನ್ನು ಒಳಗೇ ಬಿಡದ ವರ್ಕ್‌ಶಾಪುಗಳೂ ಉಂಟು. ವಿಮೆಯ ಕಾರಣ ಹೇಳುತ್ತವೆ, ಇರಲಿ. ಅಂಥಲ್ಲಿ ಕತ್ತರಿಸಿದ ಫಿಲ್ಟರನ್ನಾದರೂ ಕೇಳಿ ಪಡೆಯಬೇಕು.