ಬೆವರು ಕಾಣದ ಬಿಸಿಲು

ರಾಯಚೂರಿಗೆ ವರ್ಗವಾಯಿತು ಎಂದ ಕೂಡಲೇ ಬೇರೆ ಜಿಲ್ಲೆಯ ನೌಕರರ ಮನೆಯಲ್ಲಿ ಮುಖಗಳು ಸಪ್ಪಗಾಗುತ್ತವೆ. ‘ಅಲ್ಲಿ ಎರಡೇ ಕಾಲವಂತೆ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ’ ಎಂದು ಬಂಧುಗಳು ಧೈರ್ಯ ಹೇಳುವ ನೆಪದಲ್ಲಿ ಇನ್ನಷ್ಟು ಹೆದರಿಸುತ್ತಾರೆ. ಈ ಜಿಲ್ಲೆಯಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿರುವ ನಾನು ಇಂಥ ಹೊಸಬರನ್ನು ಸಾಕಷ್ಟು ನೋಡಿದ್ದೇನೆ. ಅವರು ಬಿಸಿಲಿಗೆ ಹೆದರಿಕೊಂಡೇ ಬಸ್ಸಿಳಿಯುತ್ತಾರೆ. ಆದರೆ ಅದರಲ್ಲಿ ನಿಜವಾಗಿ ಹೆದರಬೇಕಾದುದು ಯಾವುದಕ್ಕೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಹೆದರಬೇಕಾದುದು ಒಣಗಾಳಿಗೆ. ಮಂಗಳೂರಿನಲ್ಲಿ 34 ಡಿಗ್ರಿಗೇ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ದಾಟಿದರೂ ಅಂಗಿ ಒಣಗಿದಂತೆಯೇ ಇರುತ್ತದೆ. ಹಾಗೆಂದು ಬೆವರು ಬಂದಿಲ್ಲವೆಂದಲ್ಲ. ಬಂದ ಬೆವರನ್ನು ಗಾಳಿ ಆಗಲೇ ಕುಡಿದುಬಿಟ್ಟಿದೆ. ಒಂದು ಗ್ರಾಂ ಬೆವರು ಆವಿಯಾಗುವಾಗ ಮೈಯಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಶಾಲೆಯಲ್ಲಿ ನೀವು ಬಾಯಿಪಾಠ ಮಾಡಿದ 540 ಎಂಬುದು ಕುದಿಯುವ ನೀರಿನ ಲೆಕ್ಕ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ, ನಾವು ಇಲ್ಲಿ ಬದುಕಿರುವುದೂ ಈ ಒಂದೇ ತತ್ತ್ವದಿಂದ. ಆದರೆ ಗಡಿಗೆಯಲ್ಲಿ ನೀರಿರುವ ತನಕ ಮಾತ್ರ!

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಕಡೆಯ ತರುಣ ಶಿಕ್ಷಕರೊಬ್ಬರು ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬಂದಿದ್ದರು. ‘ಸರ್, ನೀವು ಹೇಳಿದಷ್ಟೇನೂ ಇಲ್ಲ, ನನಗೆ ಬೆವರೇ ಬರುತ್ತಿಲ್ಲ’ ಎಂದು ಫೋನಿನಲ್ಲಿ ನಕ್ಕರು. ಮೂರನೆಯ ದಿನ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ತಲೆಸುತ್ತಿ ಕುಸಿದರು. ಹಣ್ಣು ಮಾರುವ ಹೆಣ್ಣುಮಗಳೊಬ್ಬಳು ‘ಏಳ್ರಿ ಯಪ್ಪಾ’ ಎನ್ನುತ್ತ ನೆರಳಿಗೆ ಎಳೆದು, ತಲೆಗೆ ನೀರು ತಟ್ಟಿ, ಎಚ್ಚರವಾದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳಂತೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದ್ದಳೋ ಇಲ್ಲವೋ, ಮಾಡಿದ್ದು ಮಾತ್ರ ಶುದ್ಧ ವಿಜ್ಞಾನ.

ಆದ್ದರಿಂದ ಮೊದಲ ಮಾತು: ನೀರಡಿಕೆಗೆ ಕಾಯಬೇಡಿ. ಬಾಟಲಿ ಜೊತೆಗಿರಲಿ, ಆಗಾಗ ಗುಟುಕರಿಸಿ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ಅದನ್ನು ತುಂಬಿಕೊಡುತ್ತವೆ. ಸುಸ್ತು ಹೆಚ್ಚಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಯಿರಿ, ಚಮಚ ಸಮತಟ್ಟಾಗಿರಲಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಕೊಂಡೇ ಬರಬೇಕು.

ಎರಡನೆಯದು ವೇಳೆ. ಬಿರುಬೇಸಿಗೆಯಲ್ಲಿ ನಮ್ಮೂರು ಬೆಳಿಗ್ಗೆ ಎಚ್ಚರ, ಮಧ್ಯಾಹ್ನ ಜೋಂಪು, ಸಂಜೆ ಮತ್ತೆ ಎಚ್ಚರ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. 2025ರಲ್ಲೂ ಹಾಗೆಯೇ ಆಯಿತು. ಊಟ ಮುಗಿಸಿ ಕಚೇರಿಗೆ ಹೊರಟರೆ ನಿಮಗೆ ಸಿಗುವುದು ಬೀಗ. ಕೋಟೆ ನೋಡುವವರು ಒಂಬತ್ತು ಗಂಟೆಯೊಳಗೆ ನೋಡಿಬಿಡಿ. 1294ರ ಶಾಸನವಿರುವ ಆ ಉದ್ದನೆಯ ಕಲ್ಲನ್ನು ನಿಧಾನವಾಗಿ ನೋಡಬೇಕು. ಕಲ್ಲು ಕಾದ ಮೇಲೆ ಅದರೆದುರು ನಿಲ್ಲುವುದೇ ಕಷ್ಟ. ಜಗನ್ನಾಥದಾಸರ ಮಾನ್ವಿಗೂ, ದೇವದುರ್ಗದ ಗಬ್ಬೂರಿನ ಹಳೆಯ ಗುಡಿಗಳಿಗೂ ಮುಂಜಾನೆಯ ಬಸ್ಸೇ ಲೇಸು. ನೋಡುವುದಷ್ಟೇ ಉದ್ದೇಶವಾದರೆ ನವೆಂಬರಿನಿಂದ ಫೆಬ್ರುವರಿಯೊಳಗೆ ಬನ್ನಿ.

ಲಾಡ್ಜಿನಲ್ಲಿ ಮೇಲಿನ ಮಹಡಿ ಬೇಡವೆನ್ನಿ. ಹಗಲೆಲ್ಲ ಕಾದ ಛಾವಣಿ ರಾತ್ರಿಯೆಲ್ಲ ಶಾಖ ಬಿಡುತ್ತದೆ. ಎ.ಸಿ.ಗೆ ಹಣ ಸಾಲದಿದ್ದರೆ ಏರ್ ಕೂಲರ್ ಕೇಳಿ. ಕರಾವಳಿಯಲ್ಲಿ ಅಷ್ಟಾಗಿ ಪ್ರಯೋಜನಕ್ಕೆ ಬಾರದ ಕೂಲರ್ ನಮ್ಮ ಒಣಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿಯೇ ಮೈಗಿಂತ ಬಿಸಿಯಿರುವ ಹೊತ್ತಿನಲ್ಲಿ ಬರೀ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತದೆ. ಒದ್ದೆ ಪಂಚೆಯೊಂದನ್ನು ಕಿಟಕಿಗೆ ಕಟ್ಟಿ ನೋಡಿ. ಬಟ್ಟೆ ತುಂಬುತೋಳಿನ ಹತ್ತಿಯದಾಗಿರಲಿ, ತಲೆಗೆ ಟವೆಲ್ ಇರಲಿ. ನಮ್ಮ ರೈತರು ರುಮಾಲು ಸುತ್ತುವುದು ಬರೀ ಅಂದಕ್ಕಲ್ಲ.

ಮೂರನೆಯದು, ನೀರು ಕಂಡಲ್ಲಿ ಇಳಿಯಬೇಡಿ. ಕೃಷ್ಣೆ, ತುಂಗಭದ್ರೆಯರ ನಡುವಿನ ನಾಡು ನಮ್ಮದು. ಸೆಕೆಗೆ ಬೇಸತ್ತವರಿಗೆ ಹೊಳೆ ಕರೆದಂತಾಗುತ್ತದೆ. ಆದರೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಮಾನ್ವಿ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವಾಗ ಸೆಳವು ಜೋರು, ದಂಡೆ ಜಾರು. ಇಳಿದವರಿಗೆ ಹತ್ತಲು ಹಿಡಿತ ಸಿಗುವುದಿಲ್ಲ. ಹಳ್ಳಿಯಲ್ಲಿ ಮನೆ ಮಾಡುವವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. ಜಿಲ್ಲೆಯ ಕೆಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕುಡಿಯಲು ಶುದ್ಧೀಕರಣ ಘಟಕದ ನೀರನ್ನೇ ತನ್ನಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಜೊತೆಯವರ ಮೈ ಕೆಂಡವಾಗಿ, ಮಾತು ತೊದಲಿ, ಅಸಂಬದ್ಧವಾಗಿ ಬಡಬಡಿಸತೊಡಗಿದರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಆಘಾತ. ‘ಸ್ವಲ್ಪ ಮಲಗಲಿ, ಸರಿಹೋಗುತ್ತದೆ’ ಎನ್ನಬೇಡಿ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ. 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಲೇಬೇಡಿ.

ಇಷ್ಟೆಲ್ಲ ಓದಿ ‘ನಮಗೆ ಈ ಊರೇ ಬೇಡ’ ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ನೀವಾದರೋ ವೇಳೆ ನೋಡಿಕೊಂಡು ಹೊರಗೆ ಬರಬಲ್ಲಿರಿ. ಹತ್ತಿ ಬಿಡಿಸುವವರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ ಆ ಆಯ್ಕೆ ಎಲ್ಲಿದೆ? ಅವರಿಗೆ ಬಿಸಿಲು ಹೊಸದಲ್ಲ, ನಿಜ. ಹಾಗೆಂದು ಅವರ ಗಡಿಗೆಯಲ್ಲೇನೂ ಹೆಚ್ಚು ನೀರಿಲ್ಲ. ಯಾರ ಬಾಗಿಲಿಗೆ ಹೋದರೂ ಮಾತಿಗೆ ಮೊದಲು ತಂಬಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ನಾಲ್ಕು ದಿನ ಇಲ್ಲಿದ್ದು ನೋಡಿ. ನೀರು ಈಸಿಕೊಳ್ಳುವುದನ್ನಲ್ಲದೆ ಕೊಡುವುದನ್ನೂ ಕಲಿತು ಹೋಗುತ್ತೀರಿ.