ಲ್ವಾರ್ ದಂಡೆಯಲ್ಲಿ ಮೂರು ದಿನ ಸೈಕಲ್ ಸವಾರಿ

"ಉಮ್ಮಾ, ನಿಮಗೆ ಸೈಕಲ್ ಬರುತ್ತದಲ್ಲಾ?" ಎಂದು ಪ್ಯಾರಿಸ್‌ನಿಂದ ಮಗಳು ಫೋನಿನಲ್ಲಿ ಕೇಳಿದಾಗ ನಾನು ಮೀನಿಗೆ ಮಸಾಲೆ ಅರೆಯುತ್ತಿದ್ದೆ. "ಬರುತ್ತಿತ್ತು" ಎಂದೆ.

ನಿಜ, ಬರುತ್ತಿತ್ತು. ಏಳನೇ ತರಗತಿಯವರೆಗೆ ಅಣ್ಣನ ದೊಡ್ಡ ಸೈಕಲಿನಲ್ಲಿ ಒಳಪೆಡಲ್ ಹೊಡೆಯುತ್ತಾ ಪಾಣೆಮಂಗಳೂರಿನ ಹಳೆಯ ಸೇತುವೆಯವರೆಗೆ ಹೋಗಿ ಬರುತ್ತಿದ್ದೆ. ಒಂದು ದಿನ ಪರಿಚಯದ ಹಿರಿಯರೊಬ್ಬರು ಬಾಪನ ಅಂಗಡಿಗೆ ಬಂದು, "ಹುಡುಗಿ ದೊಡ್ಡವಳಾದಳು, ನೋಡಿದವರು ಏನಾದರೂ ಹೇಳುತ್ತಾರೆ" ಎಂದರಂತೆ. ಬಾಪ ನನ್ನನ್ನು ಬೈಯಲಿಲ್ಲ. ಸೈಕಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರು. ಅಷ್ಟೆ. ಆಮೇಲೆ ಮೂವತ್ತೆಂಟು ವರ್ಷ ನಾನು ಸೈಕಲ್ ಮುಟ್ಟಲಿಲ್ಲ.

2023ರ ಜೂನ್‌ನಲ್ಲಿ ಮಗಳ ಮನೆಗೆ ಹೋದಾಗ ಅವಳೂ ಅಳಿಯನೂ ಸೇರಿ ಯೋಜನೆ ಹಾಕಿಯಾಗಿತ್ತು. ಲ್ವಾರ್ ನದಿಯ ದಂಡೆಯಲ್ಲಿ ಮೂರು ದಿನ ಸೈಕಲ್ ಪ್ರವಾಸ. ನನಗೆ ಐವತ್ತು ತುಂಬಿತ್ತು. "ನನ್ನನ್ನು ಬಿಟ್ಟು ನೀವಿಬ್ಬರೂ ಹೋಗಿ ಬನ್ನಿ" ಎಂದು ಹೇಳಿ ನೋಡಿದೆ. ಮಗಳು ಕೇಳಲಿಲ್ಲ. ಎರಡು ಸಂಜೆ ಪ್ಯಾರಿಸ್‌ನ ಅಂಚಿನಲ್ಲಿರುವ ವಾನ್ಸೆನ್ ಎಂಬ ಕಾಡಿನಂಥ ದೊಡ್ಡ ಉದ್ಯಾನಕ್ಕೆ ಕರೆದೊಯ್ದು ಅಭ್ಯಾಸ ಮಾಡಿಸಿದಳು. ಮೊದಲ ಹತ್ತು ನಿಮಿಷ ಹ್ಯಾಂಡಲ್ ಹಾವಿನಂತೆ ಹೊರಳಿತು. ಆಮೇಲೆ ಕಾಲಿಗೇ ಎಲ್ಲ ನೆನಪಾಯಿತು.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ. ಸಾವಿರ ಕಿಲೋಮೀಟರಿಗಿಂತಲೂ ಹೆಚ್ಚು ದೂರ ಹರಿದು ಅಟ್ಲಾಂಟಿಕ್ ಸೇರುತ್ತದೆ. ಅದರ ದಂಡೆಗುಂಟ ಸುಮಾರು 900 ಕಿ.ಮೀ. ಸೈಕಲ್ ದಾರಿ ಮಾಡಿದ್ದಾರೆ. ಕೆಲವೆಡೆ ಸೈಕಲಿಗೆಂದೇ ಮಾಡಿದ ಹಾದಿ, ಕೆಲವೆಡೆ ವಾಹನ ವಿರಳವಾದ ಹಳ್ಳಿ ರಸ್ತೆ. ತಿರುವು ಬಂದಲ್ಲೆಲ್ಲ ಹಸಿರು ಫಲಕವಿರುವುದರಿಂದ ದಾರಿ ತಪ್ಪುವ ಭಯವಿಲ್ಲ. ನಾವು ಆರಿಸಿಕೊಂಡದ್ದು ಬ್ಲ್ವಾ ಪಟ್ಟಣದಿಂದ ತೂರ್ ನಗರದವರೆಗಿನ ಸುಮಾರು 70 ಕಿ.ಮೀ. ಅಭ್ಯಾಸವಿದ್ದವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಮಗೆ ಮೂರು ದಿನ ಬೇಕಾಯಿತು.

ಬ್ಲ್ವಾದಲ್ಲಿ ಬಾಡಿಗೆ ಸೈಕಲ್ ಪಡೆದೆವು. ಒಂದು ಊರಿನಲ್ಲಿ ಪಡೆದು ಇನ್ನೊಂದು ಊರಿನಲ್ಲಿ ಹಿಂದಿರುಗಿಸುವ ವ್ಯವಸ್ಥೆ ಅಲ್ಲಿದೆ. ನನ್ನದು ಮಧ್ಯೆ ಅಡ್ಡ ಕಂಬಿಯಿಲ್ಲದ ಸೈಕಲ್, ಆದ್ದರಿಂದ ಚೂಡಿದಾರದಲ್ಲಿ ಹತ್ತಿ ಇಳಿಯಲು ಕಷ್ಟವಾಗಲಿಲ್ಲ. ಹಿಂದಿನ ಚಕ್ರದ ಎರಡೂ ಬದಿ ನೇತಾಡುವ ಚೀಲಗಳಲ್ಲಿ ಬಟ್ಟೆ, ಮಳೆಕೋಟು, ಮುಸಲ್ಲಾ, ಮಗಳು ಮಾಡಿದ ಚಪಾತಿ.

ಹೊರಡುವಾಗ ನನ್ನ ಮನಸ್ಸಿನಲ್ಲಿದ್ದ ಅಳುಕು ಸೈಕಲಿನದ್ದಲ್ಲ, ತಲೆಯ ಮೇಲಿನ ಸ್ಕಾರ್ಫಿನದ್ದು. ಆ ದೇಶದ ಬಗ್ಗೆ ನಾವು ಓದುವುದೆಲ್ಲ ಅಂಥ ಸುದ್ದಿಯೇ ತಾನೇ? 2004ರ ಕಾನೂನಿನಂತೆ ಸರಕಾರಿ ಶಾಲೆಗಳಲ್ಲಿ ವಿದ್ಯಾರ್ಥಿನಿಯರು ಸ್ಕಾರ್ಫ್ ಧರಿಸುವಂತಿಲ್ಲ. 2010ರ ಕಾನೂನು ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿತು. ಆದರೆ ದಾರಿಯಲ್ಲಿ ಸ್ಕಾರ್ಫ್ ಧರಿಸಿ ಹೋಗಲು ಅಡ್ಡಿಯಿಲ್ಲ ಎಂದು ಮಗಳು ಧೈರ್ಯ ಹೇಳಿದಳು. ಸ್ಕಾರ್ಫಿನ ಮೇಲೆ ಹೆಲ್ಮೆಟ್ ಬಿಗಿದುಕೊಂಡೆ. ಎದುರಿಗೆ ಬಂದ ಪ್ರತಿಯೊಬ್ಬ ಸವಾರನೂ "ಬೋಂಜೂರ್" ಎಂದ. ಮೊದಲ ಐದಾರು ಮಂದಿಗೆ ಉತ್ತರಿಸಲು ನನಗೆ ನಾಚಿಕೆ. ನಂತರ ನಾನೇ ಮೊದಲು ಹೇಳತೊಡಗಿದೆ.

ದಾರಿಯ ಒಂದು ಬದಿ ನದಿ, ಇನ್ನೊಂದು ಬದಿ ಹಣ್ಣಾಗುತ್ತಿರುವ ಗೋಧಿ. ಹೊಲದ ಅಂಚಿನಲ್ಲಿ ಕೆಂಪು ಗಸಗಸೆ ಹೂಗಳು. ನದಿಯ ನಡುವೆ ಮರಳಿನ ದಿಬ್ಬಗಳು, ಅವುಗಳ ಮೇಲೆ ಬಿಳಿಯ ರೀವ ಹಕ್ಕಿಗಳು. ಬೇಸಿಗೆಯಲ್ಲಿ ಅವು ಮರಳಿನಲ್ಲೇ ಮೊಟ್ಟೆಯಿಡುತ್ತವಂತೆ. ನಮ್ಮ ನೇತ್ರಾವತಿಯ ಹಾಗೆ ಈ ನದಿಯೂ ಸಾಧು ಮುಖದ್ದು, ನಂಬುವಂತಿಲ್ಲ. 1856ರ ಮಹಾ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನದಿಪಾತ್ರದ ಊರುಗಳ ಗೋಡೆಗಳಲ್ಲಿ ಗೆರೆ ಕೊರೆದಿಟ್ಟಿದ್ದಾರೆ. ಅದನ್ನು ನೋಡುವಾಗ 1923ರ ನೆರೆಯ ಬಗ್ಗೆ ಅಜ್ಜಿ ಹೇಳುತ್ತಿದ್ದ ಕತೆಗಳು ನೆನಪಾದವು.

ಹಳ್ಳಿ ರಸ್ತೆಯಲ್ಲಿ ನನ್ನ ಹಿಂದೆ ಒಂದು ಟ್ರ್ಯಾಕ್ಟರ್ ಬಂತು. ನಾನು ಗಾಬರಿಯಿಂದ ಹುಲ್ಲಿಗೆ ಇಳಿಯಲು ನೋಡಿದೆ. ಅವನು ಹಾರ್ನ್ ಹೊಡೆಯಲೇ ಇಲ್ಲ. ಜಾಗ ಸಿಗುವವರೆಗೆ ನಿಧಾನವಾಗಿ ಹಿಂದೆಯೇ ಬಂದು, ದೂರ ಸರಿದು ಮುಂದೆ ಹೋದ. ಊರ ಹೊರಗೆ ಸೈಕಲನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬುದು ಅಲ್ಲಿನ ಕಾನೂನು ಎಂದು ಅಳಿಯ ವಿವರಿಸಿದ.

ಮಧ್ಯಾಹ್ನ ಎಡವಟ್ಟಾಯಿತು. ಇಳಿಜಾರಿನಲ್ಲಿ ಬ್ರೇಕ್ ಬಿಗಿಯಾಗಿ ಹಿಡಿದು ಪಕ್ಕದ ಪೊದೆಗೆ ಬಿದ್ದೆ. ಅದು ನಮ್ಮ ತುರಿಚೆಯಂಥದೇ ಗಿಡ! ಕೈಯೆಲ್ಲ ಉರಿ. ಹತ್ತಿರದ ತೋಟದಲ್ಲಿ ಹುರುಳಿಬಳ್ಳಿಗೆ ಕೋಲು ನೆಡುತ್ತಿದ್ದ ಮುದುಕಿಯೊಬ್ಬರು ಓಡಿ ಬಂದರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಅವರು ದಾರಿಬದಿಯ ಅಗಲ ಎಲೆಯೊಂದನ್ನು ಕಿತ್ತು, ಅಂಗೈಯಲ್ಲಿ ಹಿಚುಕಿ ನನ್ನ ತೋಳಿಗೆ ಉಜ್ಜಿದರು. ನಮ್ಮ ಅಜ್ಜಿಯೂ ಹೀಗೆಯೇ ಮಾಡುತ್ತಿದ್ದರು. ಹೋಗುವಾಗ ಒಂದು ಹಿಡಿ ಸ್ಟ್ರಾಬೆರಿ ಕೊಟ್ಟರು.

ಆ ದಿನ ಇನ್ನೊಂದು ವಿಷಯ ಕಲಿತೆ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹೆಚ್ಚಾಗಿ ಎರಡು ಗಂಟೆ ಮುಚ್ಚಿರುತ್ತವೆ. ನೀರು ಖಾಲಿಯಾಗಿತ್ತು. ಮಗಳು ನೇರ ಕರೆದುಕೊಂಡು ಹೋದದ್ದು ಊರಿನ ಸ್ಮಶಾನಕ್ಕೆ! ಸಮಾಧಿಗಳ ಹೂಗಿಡಗಳಿಗೆ ನೀರುಣಿಸಲು ಅಲ್ಲಿ ನಲ್ಲಿಯಿರುತ್ತದೆ. 'ಕುಡಿಯಲು ಯೋಗ್ಯವಲ್ಲ' ಎಂಬ ಫಲಕವಿಲ್ಲದಿದ್ದರೆ ಸೈಕಲ್ ಪ್ರವಾಸಿಗರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ಊರ ನಡುವೆ 1914-18ರ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು. ಇಂಥ ಕಲ್ಲಿಲ್ಲದ ಹಳ್ಳಿ ಆ ದೇಶದಲ್ಲಿ ವಿರಳ. ಅಷ್ಟು ಚಿಕ್ಕ ಊರಿನಿಂದ ಅಷ್ಟೊಂದು ಮಕ್ಕಳು! ಒಂದೇ ಮನೆತನದ ಹೆಸರು ಮೂರು ಸಲ ಬಂದಿತ್ತು. ಕಾರಿನಲ್ಲಿ ಹೋಗಿದ್ದರೆ ಅದನ್ನು ನಿಂತು ಓದುತ್ತಿರಲಿಲ್ಲ.

ರಾತ್ರಿ ಶೋಮೋಂ ಎಂಬ ಊರಿನ ಮನೆಯೊಂದರಲ್ಲಿ ತಂಗಿದೆವು. ನಾವು ಮಾಂಸ ಮತ್ತು ಮದ್ಯ ಬೆರೆತದ್ದೇನನ್ನೂ ತಿನ್ನುವುದಿಲ್ಲವೆಂದು ಮಗಳು ಮೊದಲೇ ಬರೆದಿದ್ದಳು. ಮನೆಯೊಡತಿ ಮೊಟ್ಟೆ, ಬೀನ್ಸ್, ರೊಟ್ಟಿ ಮಾಡಿ ಬಡಿಸಿದರು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ ಹತ್ತಿರವಾಗಿರುತ್ತದೆ. ಮಗ್ರಿಬ್‌ಗಾಗಿ ಕಾಯುತ್ತಾ ನನಗೆ ಕುಳಿತಲ್ಲೇ ತೂಕಡಿಕೆ.

ಮರುದಿನ ಎದುರುಗಾಳಿ. ಸಮುದ್ರದ ಕಡೆಯಿಂದ, ಪಶ್ಚಿಮದಿಂದ ಬೀಸುವ ಗಾಳಿ ಅದು. ನಾವೂ ಪಶ್ಚಿಮಕ್ಕೇ ಹೊರಟವರು. ತೊಡೆ ನೋವಿನಿಂದ ಕಣ್ಣಲ್ಲಿ ನೀರು ಬಂತು. ಕೆಲವೆಡೆ ಇಳಿದು ತಳ್ಳಿದೆ. ಯಾರೂ ನಗಲಿಲ್ಲ. ಸುಮಾರು ಇಪ್ಪತ್ತು ಕಿಲೋಮೀಟರ್ ದಾಟಿ ಆಂಬ್ವಾಜ್ ಸೇರುವಾಗ ಅಪರಾಹ್ನವಾಗಿತ್ತು.

ಆಂಬ್ವಾಜ್‌ನ ಕೋಟೆ ನದಿಯ ಮೇಲೆಯೇ ಎದ್ದು ನಿಂತಿದೆ. ಚಿತ್ರಕಾರ ಲಿಯನಾರ್ಡೊ ಡ ವಿಂಚಿ 1519ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಪ್ರವಾಸಿಗರು ಬರುವುದು ಹೆಚ್ಚಾಗಿ ಅವನಿಗಾಗಿ. ಅಳಿಯ ನಮ್ಮನ್ನು ಕೋಟೆಯ ಉದ್ಯಾನದ ಮೂಲೆಗೆ ಕರೆದೊಯ್ದ. ಅಲ್ಲಿ ಸಾಲಾಗಿ 25 ಕಲ್ಲುಗಳು, ಅವುಗಳ ಮೇಲೆ ಅರಬಿ ಅಕ್ಷರ.

ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹದಿನೈದು ವರ್ಷ ಹೋರಾಡಿದ ಅಮೀರ್ ಅಬ್ದುಲ್ ಕಾದಿರ್ 1847ರಲ್ಲಿ ಶರಣಾದರು. ಪೂರ್ವದ ಮುಸ್ಲಿಮ್ ನಾಡಿಗೆ ಕಳುಹಿಸುತ್ತೇವೆಂದು ಕೊಟ್ಟ ಮಾತನ್ನು ಮುರಿದು ಅವರನ್ನು ಫ್ರಾನ್ಸಿನಲ್ಲೇ ಸೆರೆಯಲ್ಲಿಟ್ಟರು. 1848ರಿಂದ 1852ರವರೆಗೆ ಕುಟುಂಬ, ಪರಿವಾರ ಸಮೇತ ಅವರಿದ್ದುದು ಈ ಕೋಟೆಯಲ್ಲಿ. ಪರಿವಾರದ 25 ಮಂದಿ ಇಲ್ಲಿಯೇ ತೀರಿಕೊಂಡರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. 2005ರಲ್ಲಿ ಅಲ್ಜೀರಿಯಾ ಮೂಲದ ಕಲಾವಿದ ರಶೀದ್ ಕುರೈಶಿ ಅವರ ನೆನಪಿಗೆ ಈ ತೋಟ ರೂಪಿಸಿದರು. ಮುಂದೆ ದಮಾಸ್ಕಸ್‌ನಲ್ಲಿ ನೆಲೆಸಿದ ಅಮೀರ್, 1860ರ ಗಲಭೆಯಲ್ಲಿ ಸಾವಿರಾರು ಕ್ರೈಸ್ತರ ಪ್ರಾಣ ಉಳಿಸಿದರು. ತನ್ನನ್ನು ಸೆರೆಯಲ್ಲಿಟ್ಟವರ ಧರ್ಮದವರೆಂದು ಅವರು ಬಾಗಿಲು ಮುಚ್ಚಲಿಲ್ಲ. ಆಂಬ್ವಾಜ್ ಊರಿನವರು ಅವರ ನೆನಪಿಗೆ ಲೋಹದ ಶಿಲ್ಪವೊಂದನ್ನು ನಿಲ್ಲಿಸಿದಾಗ, 2022ರ ಫೆಬ್ರವರಿಯಲ್ಲಿ ಉದ್ಘಾಟನೆಗೆ ಮೊದಲೇ ಯಾರೋ ಅದನ್ನು ಹಾಳುಗೆಡವಿದರು. ಆದರೂ ಊರಿನವರು ಆ ದಿನವೇ ಉದ್ಘಾಟನೆ ನಡೆಸಿದರು.

ಆ ಕಲ್ಲುಗಳ ಮುಂದೆ ನಿಂತು ಫಾತಿಹಾ ಓದಿದೆ. ಕೆಳಗೆ ಲ್ವಾರ್ ಹರಿಯುತ್ತಿತ್ತು. ಇದೇ ನದಿಯನ್ನು ಮೇಲಿನಿಂದ ನೋಡಿದ ಆ ಹೆಂಗಸರು ತಮ್ಮೂರಿನ ದಾರಿಯನ್ನು ಮತ್ತೆ ಕಾಣಲಿಲ್ಲ. ಮೆಟ್ಟಿಲ ಬುಡದಲ್ಲಿ ನನ್ನ ಸೈಕಲ್ ನಿಂತಿತ್ತು. ತೊಡೆ ನೋವಿನ ಬಗ್ಗೆ ಆಮೇಲೆ ನಾನು ಮಾತೆತ್ತಲಿಲ್ಲ.

ಮೂರನೇ ದಿನ ಬೆಳಿಗ್ಗೆ ಗಾಳಿ ನಿಂತಿತ್ತು. ದಾರಿಯುದ್ದಕ್ಕೂ ಬಿಳಿಯ ಮೆದು ಕಲ್ಲಿನ ಮನೆಗಳು, ಬಂಡೆಯನ್ನೇ ಕೊರೆದು ಬಾಗಿಲಿಟ್ಟ ಗುಹೆಮನೆಗಳು, ಆಮೇಲೆ ದ್ರಾಕ್ಷಿತೋಟಗಳು. ತೂರ್ ನಗರದ ಹತ್ತಿರ ಒಂದು ನೇರ ದಾರಿ ಸಿಕ್ಕಿತು. ಮಗಳನ್ನೂ ಅಳಿಯನನ್ನೂ ಹಿಂದೆ ಹಾಕಿ ಮುಂದೆ ಹೋದೆ. ಸ್ಕಾರ್ಫಿನ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಆಗ ನನಗೆ ಐವತ್ತಲ್ಲ, ಹನ್ನೆರಡು.

ಇಂಥ ಪ್ರವಾಸದ ಆಸೆಯಿರುವ ಸಹೋದರಿಯರಿಗೆ ಒಂದೆರಡು ಮಾತು. ದಿನಕ್ಕೆ ಇಪ್ಪತ್ತೈದು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮಧ್ಯಾಹ್ನದ ಊಟವನ್ನು ಹನ್ನೆರಡರ ಮೊದಲೇ ಕೊಂಡಿಟ್ಟುಕೊಳ್ಳಿ. ಅಂಗಡಿಗೆ ಕಾಲಿಡುವಾಗ ಮೊದಲು ನಮಸ್ಕಾರ ಹೇಳಿ, ಆಮೇಲೆ ಬೇಕಾದುದನ್ನು ಕೇಳಿ. ನಮಸ್ಕಾರ ಹೇಳದಿರುವುದನ್ನು ಅಲ್ಲಿ ಒರಟುತನವೆಂದು ತಿಳಿಯುತ್ತಾರೆ.

ಊರಿಗೆ ಬಂದ ಮೇಲೆ ಬಾಪನಿಗೆ ಫೋಟೋ ತೋರಿಸಿದೆ. ಅವರಿಗೆ ಆಗ ಎಂಬತ್ತನಾಲ್ಕು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆ ಬೀಗದ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಕೊನೆಗೆ, "ಬ್ರೇಕ್ ಸರಿ ಇತ್ತಾ?" ಎಂದು ಮಾತ್ರ ಕೇಳಿದರು. "ಸರಿ ಇತ್ತು ಬಾಪಾ" ಎಂದೆ.

ತಮ್ಮನ ಮಗಳು ಏಳನೇ ತರಗತಿ ಮುಗಿಸಿದ್ದಾಳೆ. ಅವಳ ಸೈಕಲಿಗೆ ಗಾಳಿ ಹಾಕಿಸುವ ಕೆಲಸ ಇನ್ನು ನನ್ನದು ಎಂದು ತಮ್ಮನಿಗೆ ಹೇಳಿದ್ದೇನೆ.